ಪ್ರತಿ: ಕೊರಿಯಾದ ಉಪಗ್ರಹ ಮೊಬೈಲ್ ಟಿವಿ ಯಾಕೆ ಮುಳುಗಿತು?
ದಕ್ಷಿಣ ಕೊರಿಯಾದ ದೊಡ್ಡ ಮೊಬೈಲ್ ಕಂಪನಿ ಎಸ್‌ಕೆ ಟೆಲಿಕಾಂ ಬೆನ್ನಿಗಿದ್ದೂ, ಉಪಗ್ರಹದ ಮೂಲಕ ಫೋನಿಗೆ ಟಿವಿ ಕೊಡುತ್ತಿದ್ದ ಟಿಯು ಮೀಡಿಯಾ ಯಾಕೆ ಸೋತಿತು ಅಂತ ಕೇಳಿದ್ದೀರಿ. ತಂತ್ರಜ್ಞಾನಕ್ಕಿಂತ ಒಪ್ಪಂದಗಳಲ್ಲೇ ಅದು ಎಡವಿದ್ದು. 2005ರ ಮೇ ತಿಂಗಳಲ್ಲಿ 13,000 ವೋನ್ ಮಾಸಿಕ ಚಂದಾ ಇಟ್ಟು ಶುರು ಮಾಡಿದರು. ಅದೇ ಡಿಸೆಂಬರಿನಲ್ಲಿ ಟಿ-ಡಿಎಂಬಿ, ಅಂದರೆ ಉಪಗ್ರಹದ ಬದಲು ನೆಲದ ಗೋಪುರಗಳಿಂದ ಬರುವ ಮೊಬೈಲ್ ಟಿವಿ ಬಂತು, ಅದೂ ಪುಕ್ಕಟೆ! ಜನರಿಗೆ ಬೇಕಿದ್ದ ದೇಶದ ಪ್ರಮುಖ ಟಿವಿ ಸಂಸ್ಥೆಗಳಾದ ಕೆಬಿಎಸ್, ಎಂಬಿಸಿ, ಎಸ್‌ಬಿಎಸ್ ಆ ಕಡೆಗಿದ್ದವು. ತಾವೇ ಕಣದಲ್ಲಿರುವಾಗ ಎದುರಾಳಿಗೆ ಕಾರ್ಯಕ್ರಮ ಕೊಡಲು ಆರಂಭದಲ್ಲಿ ಅವು ಒಪ್ಪಲಿಲ್ಲ. ಮೇಲಾಗಿ ಉಪಗ್ರಹದ ಸಿಗ್ನಲ್ ಮೆಟ್ರೊ ಸುರಂಗಕ್ಕೆ, ಕಟ್ಟಡಗಳ ಮರೆಗೆ ತಲುಪುವುದಿಲ್ಲ. ಅಲ್ಲೆಲ್ಲ ರಿಪೀಟರ್ (ಸಿಗ್ನಲ್ ಹಿಡಿದು ಮತ್ತೆ ಹರಡುವ ಉಪಕರಣ) ಕೂರಿಸುವ ಖರ್ಚನ್ನು ಚಂದಾದಾರರು ಬರುವ ಮೊದಲೇ ಹಾಕಬೇಕು. 2012ರ ಆಗಸ್ಟಿನಲ್ಲಿ ಸೇವೆ ನಿಂತಿತು.

ಹಾಗಂತ ಟಿ-ಡಿಎಂಬಿ ಲಾಭ ಮಾಡಿತು ಅಂದುಕೊಳ್ಳಬೇಡಿ. ಚಂದಾ ಇಲ್ಲದ ಸೇವೆಯ ಫೋನಿಗೆ ಸಬ್ಸಿಡಿ ಕೊಡಲು ಮೊಬೈಲ್ ಕಂಪನಿಗಳು ಹಿಂಜರಿದವು, ಸಣ್ಣ ಪರದೆಯ ಜಾಹೀರಾತಿನಿಂದ ಖರ್ಚೂ ಹುಟ್ಟಲಿಲ್ಲ.