ಅಂಜುದೀವಿನ ಜ್ವರ ಯಾವ ಇತಿಹಾಸಕ್ಕೆ ಸೇರಿದ್ದು?

ಪ್ರಶ್ನೆ: ಮಗಳು ಇತಿಹಾಸದಲ್ಲಿ ಎಂ.ಎ. ಮುಗಿಸಿ ಪಿಎಚ್.ಡಿ.ಗೆ ತಯಾರಿ ನಡೆಸಿದ್ದಾಳೆ. ಸೈನ್ಯ, ರೋಗ, ವಲಸೆ, ಪರಿಸರ ನಾಲ್ಕನ್ನೂ ಸೇರಿಸಿ ಸಂಶೋಧನೆ ಮಾಡುವ ಇತಿಹಾಸಕಾರರೊಬ್ಬರ ಉಪನ್ಯಾಸ ಕೇಳಿ ಬಂದ ಮೇಲೆ, ತಾನೂ ಹಾಗೇ ಮಾಡುತ್ತೇನೆ ಅನ್ನುತ್ತಿದ್ದಾಳೆ. ನಾನು ಬ್ಯಾಂಕಿನಲ್ಲಿದ್ದವನು. ಎರಡು ದೋಣಿಗೆ ಕಾಲಿಟ್ಟವರನ್ನೇ ನೋಡಿದ್ದೇನೆ, ಇದು ನಾಲ್ಕು! ಒಬ್ಬರಿಂದ ಸಾಧ್ಯವಾ?
– ಓದುಗರು, ಕಾರವಾರ

ಉತ್ತರ: ನೀವು ಕಾರವಾರದವರು, ಹಾಗಾಗಿ ಉತ್ತರ ನಿಮ್ಮ ಮನೆ ಹತ್ತಿರವೇ ಇದೆ. ಬಿಣಗಾದ ಆಚೆ ಸಮುದ್ರದಲ್ಲಿರುವ ಅಂಜುದೀವ್ ಗೊತ್ತಲ್ಲ? ಲೆಕ್ಕಕ್ಕೆ ಗೋವಾದ್ದು, ಈಗ ನೌಕಾಪಡೆಯ ಕೈಯಲ್ಲಿದೆ. ನಾವು ನೀವು ಸುಮ್ನೆ ಹೋಗಿ ಬರುವ ಹಾಗಿಲ್ಲ.

ಪೋರ್ಚುಗೀಸ್ ರಾಜಕುಮಾರಿಯನ್ನು ಮದುವೆಯಾದ ಇಂಗ್ಲೆಂಡಿನ ರಾಜ ಎರಡನೇ ಚಾರ್ಲ್ಸ್‌ಗೆ ಮುಂಬಯಿ ಬಳುವಳಿಯಾಗಿ ಸಿಕ್ಕಿದ್ದು ಎಲ್ಲರಿಗೂ ಗೊತ್ತಿರುವ ಕತೆ. ಅದನ್ನು ವಶಕ್ಕೆ ಪಡೆಯಲು 1662ರಲ್ಲಿ ಇಂಗ್ಲಿಷ್ ಪಡೆ ಬಂತು. ಅಲ್ಲಿದ್ದ ಪೋರ್ಚುಗೀಸರು ಕೊಡಲ್ಲ ಅಂದರು. ಪಡೆಯ ಮುಖ್ಯಸ್ಥ ಅಬ್ರಹಾಂ ಶಿಪ್ಮನ್ ತನ್ನ ನಾನೂರಕ್ಕೂ ಮಿಕ್ಕಿದ ಸೈನಿಕರ ಜೊತೆ ಈ ಅಂಜುದೀವಿನಲ್ಲಿ ಬಂದು ಕೂತ. ನಮ್ಮ ಕರಾವಳಿಯ ಎರಡು ಪೂರ್ತಿ ಮಳೆಗಾಲವನ್ನು ಅವರು ಅಲ್ಲೇ ಕಳೆದರು. 1664ರಲ್ಲಿ ಶಿಪ್ಮನ್ನನೂ ಸತ್ತ. 1665ರ ಫೆಬ್ರವರಿಯಲ್ಲಿ ಕೊನೆಗೂ ಮುಂಬಯಿ ಕೈಗೆ ಬಂದಾಗ ಉಳಿದಿದ್ದವರು ನೂರರ ಆಸುಪಾಸು.

ಯುದ್ಧವೇ ನಡೆದಿಲ್ಲ, ಹೆಚ್ಚಿನವರನ್ನು ಕೊಂದದ್ದು ಜ್ವರ, ಕಾಯಿಲೆ. ಹಾಗಾದರೆ ಇದು ಸೈನ್ಯದ ಇತಿಹಾಸವಾ? ರೋಗದ್ದಾ? ತಣ್ಣನೆಯ ದೇಶದಿಂದ ಬಂದವರು ಕಾರವಾರದ ಮಳೆಗೆ ಸಿಕ್ಕಿಕೊಂಡ ಪರಿಸರದ ಕತೆಯಾ? ಯಾವುದೋ ಒಂದನ್ನು ಹಿಡಿದರೆ ಉಳಿದದ್ದು ಬೆರಳ ಸಂದಿಯಿಂದ ಜಾರುತ್ತದೆ.

ಅದೇ ದ್ವೀಪಕ್ಕೆ ಟಿಪ್ಪುವಿನ ಕಾಲದಲ್ಲಿ ಈ ಕಡೆಯ ಕ್ರೈಸ್ತರು ಆಶ್ರಯಕ್ಕೆ ಓಡಿದರು. ಅಂಕೋಲೆಯ ಆರ್ಯಾದುರ್ಗೆಯ ಮೂಲ ಸ್ಥಾನ ಅಂಜುದೀವ್, ಪೋರ್ಚುಗೀಸರ ಕಾಲದಲ್ಲಿ ದೇವಿ ಈಚೆ ಬಂದಳು ಎಂದು ಹಿರಿಯರು ಹೇಳುತ್ತಾರೆ. ನೋಡಿ, ದೇವರಿಗೂ ವಲಸೆ ತಪ್ಪಿಲ್ಲ. 1961ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆಯ ಹೊತ್ತಿಗೆ ಅಂಜುದೀವಿನಲ್ಲಿ ನಮ್ಮ ನೌಕಾಪಡೆಯ 7 ಜನ ಸತ್ತರು. ಕಾಲು ಶತಮಾನ ಕಳೆದು, 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿತ್ತು. ಕಾರವಾರ, ಅಂಕೋಲೆಯ ಎಷ್ಟು ಮನೆಗಳು ಗಂಟು ಮೂಟೆ ಕಟ್ಟಿದವು ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ನೌಕಾನೆಲೆ ಎಂದ ಕೂಡಲೇ ಹಡಗು ಎಣಿಸುವವರು ಒಬ್ಬರು, ಹೋದ ಗದ್ದೆ ಎಣಿಸುವವರು ಇನ್ನೊಬ್ಬರು. ಇಬ್ಬರೂ ಒಂದೇ ಪುಸ್ತಕದಲ್ಲಿ ಸಿಗುವುದು ಅಪರೂಪ.

ಇನ್ನೊಂದು ಮಾತು. ನಾಲ್ಕು ವಿಷಯಗಳು ಬೇರೆ ಬೇರೆ ಎನ್ನುವ ಗೆರೆ ಎಳೆದದ್ದು ನಮ್ಮ ವಿಶ್ವವಿದ್ಯಾಲಯಗಳು, ಹಿಂದಿನವರಿಗೆ ಅದು ಇರಲಿಲ್ಲ. 1800–01ರಲ್ಲಿ ನಮ್ಮ ಸೀಮೆಯನ್ನೆಲ್ಲ ಸುತ್ತಿ ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ ಯಾರು? ಕಂಪನಿಯ ಡಾಕ್ಟರ್. ಟಿಪ್ಪು ಬಿದ್ದ ಮರುವರ್ಷ, ಗೆದ್ದ ನೆಲದಲ್ಲಿ ಏನೇನಿದೆ ನೋಡಿ ಬಾ ಎಂದು ಕಳಿಸಿದ್ದರು. 1856ರಲ್ಲಿ ಮದ್ರಾಸ್ ಪ್ರಾಂತ್ಯದ ಕಾಡಿನ ಉಸ್ತುವಾರಿ ಹೊತ್ತ ಹ್ಯೂ ಕ್ಲೆಗ್‌ಹಾರ್ನ್ ಕೂಡ ಡಾಕ್ಟರೇ. ಆಗ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಕಾಡು ಕಡಿದು ಸುಟ್ಟು ರಾಗಿ ಬಿತ್ತುವ ಕುಮರಿ ಬೇಸಾಯ ಅವನಿಗೆ ಆಗುತ್ತಿರಲಿಲ್ಲ. ಕಾಡು ಹೋದರೆ ಮಳೆ ಹೋಗುತ್ತದೆ ಎಂಬ ಭಯ ಒಂದು. ಹಡಗಿಗೆ, ರೈಲಿಗೆ ಮರ ಬೇಕಿತ್ತು ಅನ್ನೋದು ಇನ್ನೊಂದು. 1860ರ ಹೊತ್ತಿಗೆ ಕುಮರಿಗೆ ಸರಕಾರದ ಕಡಿವಾಣ ಬಿತ್ತು. ಕುಮರಿ ಬಿಟ್ಟವರು ಎಲ್ಲಿಗೆ ಹೋದರು ಎಂದು ಕೇಳಿದ ಕೂಡಲೇ ನಿಮ್ಮ ಮಗಳು ಕಾಡಿನ ಇತಿಹಾಸದಿಂದ ವಲಸೆಯ ಇತಿಹಾಸಕ್ಕೆ ಕಾಲಿಟ್ಟಾಯ್ತು.

ನಿಮ್ಮ ಆತಂಕದಲ್ಲೂ ಹುರುಳಿದೆ. ನಾಲ್ಕನ್ನೂ ಸೇರಿಸುತ್ತೇನೆ ಎಂದು ಹೊರಟು ಎಲ್ಲದರ ಮೇಲೂ ನೀರು ಚಿಮುಕಿಸಿ ಬಂದವರನ್ನು ಜಾಸ್ತಿಯೇ ನೋಡಿದ್ದೇನೆ. ನನ್ನ ಸಲಹೆ ಇಷ್ಟೇ: ಜಾಗ ಚಿಕ್ಕದಿರಲಿ. ಒಂದು ದ್ವೀಪ, ಒಂದು ಹೊಳೆ, ಒಂದು ತಾಲ್ಲೂಕು ಸಾಕು. ಮತ್ತೆ, ಭಾಷೆ ಕಲಿಯಲಿ. ಪೋರ್ಚುಗೀಸ್ ಬಾರದೆ ಅಂಜುದೀವ್ ಅರ್ಧವೇ ಸಿಗುವುದು. ಹಳೆ ಮರಾಠಿ ಕಾಗದ ಓದಲು ಮೋಡಿ ಲಿಪಿ ಬೇಕು.

ಪ್ರಶ್ನೆ: ಸೂಪಾ, ಯಲ್ಲಾಪುರದ ಕಾಡಂಚಿಗೆ ಹೆಣ್ಣು ಕೊಡಲು ಹಿಂದೆ ಹೆದರುತ್ತಿದ್ದರು ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಚಳಿಜ್ವರ ಬಂದರೆ ಉಳಿಯಲ್ಲ ಅಂತ. ಅಷ್ಟು ಜೋರಿತ್ತಾ? ಆಮೇಲೆ ಹೇಗೆ ಹೋಯ್ತು?
– ಓದುಗರು, ಶಿರಸಿ

ಉತ್ತರ: ಅಜ್ಜಿ ಹೇಳಿದ್ದು ಸರಿ. ಆ ಕಡೆಗೆ ವರ್ಗವಾದರೆ ನೌಕರರೂ ಶಿಕ್ಷೆ ಎಂದೇ ತಿಳಿಯುತ್ತಿದ್ದರು. ಘಟ್ಟದ ಸೊಳ್ಳೆ ಗಟಾರದ್ದಲ್ಲ. ಅನಾಫಿಲಿಸ್ ಫ್ಲೂವಿಯಾಟಿಲಿಸ್ ಎಂಬ ಜಾತಿ ನಿಧಾನವಾಗಿ ಹರಿಯುವ ತಿಳಿನೀರಿನಲ್ಲಿ ಮೊಟ್ಟೆ ಇಡುತ್ತದೆ. ನಮ್ಮ ತೋಟದ ಅಂಚಿನ ಹಳ್ಳ ಇದಕ್ಕೆ ಹೇಳಿ ಮಾಡಿಸಿದ ಜಾಗ. ನೀರು ಎಷ್ಟು ಚೊಕ್ಕವೋ ಜ್ವರ ಅಷ್ಟು ಹತ್ತಿರ!

ಅದು ಹೋದ ಬಗೆಯಲ್ಲಿ ಯುದ್ಧದ ಪಾಲೂ ಇದೆ. ಎರಡನೇ ಮಹಾಯುದ್ಧದಲ್ಲಿ ಸೈನಿಕರನ್ನು ಹೇನು, ಸೊಳ್ಳೆಗಳಿಂದ ಕಾಪಾಡಲು ಡಿಡಿಟಿ ಬಳಸಿದರು. ಯುದ್ಧ ಮುಗಿಯುತ್ತಿದ್ದಂತೆ ಮುಂಬಯಿ ಪ್ರಾಂತ್ಯದ ಮಲೇರಿಯಾ ತಜ್ಞ ಡಿ.ಕೆ. ವಿಶ್ವನಾಥನ್ ಅದನ್ನು ಧಾರವಾಡ ಮತ್ತು ಉತ್ತರ ಕನ್ನಡದ ಹಳ್ಳಿ ಮನೆಗಳ ಗೋಡೆಗೆ ಹೊಡೆಸಿದರು. ದೇಶಕ್ಕೆಲ್ಲ ಮಲೇರಿಯಾ ಕಾರ್ಯಕ್ರಮ ಬಂದದ್ದು 1953ರಲ್ಲಿ, ನಮ್ಮ ಊರುಗಳು ಅದಕ್ಕೂ ಮೊದಲೇ ನೋಡಿದವು. ಜ್ವರದ ಭಯ ತಗ್ಗಿದ ಮೇಲೆ ಕಾಡಿನೊಳಗೆ ಜನ ಧೈರ್ಯವಾಗಿ ನೆಲೆ ನಿಂತರು. ಸೂಪಾ ಪೇಟೆ ಮಾತ್ರ ಜ್ವರದಿಂದ ಪಾರಾಗಿ, ಕಡೆಗೆ ಕಾಳಿ ನದಿಯ ಅಣೆಕಟ್ಟಿನ ನೀರಿನಡಿ ಹೋಯಿತು.

ಒಂದು ಎಚ್ಚರಿಕೆ. ಹಳೆಯ ಕಾಗದದಲ್ಲಿ ‘ಜ್ವರ’ ಎಂದು ಕಂಡದ್ದೆಲ್ಲ ಮಲೇರಿಯಾ ಅಂದುಕೊಳ್ಳಬೇಡಿ. ಸೊಳ್ಳೆಯಲ್ಲಿ ಮಲೇರಿಯಾದ ಜೀವಿಯನ್ನು ರೊನಾಲ್ಡ್ ರಾಸ್ ಕಂಡದ್ದು 1897ರಲ್ಲಿ. ನಮ್ಮ ಜಿಲ್ಲೆಯ ಗೆಜೆಟಿಯರ್ ಅಚ್ಚಾದದ್ದು 1883ರಲ್ಲಿ. ಕಾಡಿನ ಕೆಟ್ಟ ಗಾಳಿಯಿಂದ ಜ್ವರ ಬರುತ್ತದೆ ಎಂದು ನಂಬಿದ್ದ ಕಾಲ ಅದು. ಮಂಗನ ಕಾಯಿಲೆಯನ್ನು ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ್ದೇ 1957ರಲ್ಲಿ. ಅದಕ್ಕೂ ಮೊದಲು ಉಣುಗು ಕಚ್ಚಿ ಜ್ವರ ಬಂದು ಸತ್ತವರಿದ್ದರೆ ಅವರೂ ಬರೀ ‘ಜ್ವರ’ದ ಲೆಕ್ಕಕ್ಕೇ ಹೋಗಿರುತ್ತಾರೆ. ಸತ್ತವರ ರಕ್ತ ಪರೀಕ್ಷೆ ಈಗ ಆಗುತ್ತದೆಯೇ? ಅಂಜುದೀವಿನ ಸೈನಿಕರದ್ದೂ ಇದೇ ಪಾಡು.

ಪ್ರಶ್ನೆ: ನಮ್ಮ ಊರಿನ ಹಳೇ ಸರಕಾರಿ ಕಾಗದಗಳು ಎಲ್ಲಿ ಸಿಗುತ್ತವೆ? ಬೆಂಗಳೂರಿನಲ್ಲಿ ಕೇಳಿದರೆ ಜಾಸ್ತಿ ಏನೂ ಇಲ್ಲ ಅಂದರು.
– ಓದುಗರು, ಹೊನ್ನಾವರ

ಉತ್ತರ: ನಮ್ಮ ಜಿಲ್ಲೆಯೇ ಒಂದು ವಲಸಿಗ. 1799ರ ನಂತರ ಮದ್ರಾಸಿಗೆ ಸೇರಿತು, 1862ರಲ್ಲಿ ಮುಂಬಯಿಗೆ, 1956ರಲ್ಲಿ ಮೈಸೂರು ರಾಜ್ಯಕ್ಕೆ. ಕಾಗದಗಳೂ ಹಾಗೇ ಚೆದುರಿವೆ. 1862ಕ್ಕಿಂತ ಹಿಂದಿನದಕ್ಕೆ ಚೆನ್ನೈ, ಆಮೇಲಿನದಕ್ಕೆ ಮುಂಬಯಿ, ಪೋರ್ಚುಗೀಸರ ಜೊತೆಗಿನ ವ್ಯವಹಾರಕ್ಕೆ ಪಣಜಿ. ಬೆಂಗಳೂರಿನವರು ಸುಳ್ಳು ಹೇಳಿಲ್ಲ.

ಹೋಗುವ ಮುಂಚೆ ಊರಿನ ಹಳೆಯ ಹೆಸರುಗಳನ್ನು ಬರೆದುಕೊಳ್ಳಿ. ನಾನು ಮೊದಲ ಸಲ ಹೋದಾಗ ಎರಡು ದಿನ ಬರಿಗೈಯಲ್ಲಿ ಕೂತಿದ್ದೆ. ಹಳೆ ಇಂಗ್ಲಿಷ್ ಕಾಗದದಲ್ಲಿ ಕಾರವಾರದ ಮೊದಲ ಅಕ್ಷರವೇ ಬೇರೆ, K ಅಲ್ಲ C ಎಂದು ಆಮೇಲೆ ಹೊಳೆಯಿತು. ನಿಮ್ಮ ಹೊನ್ನಾವರ ಅಲ್ಲಿ ‘ಓನೋರ್’.