ಪಾಲಿಯೇಟಿವ್ ಕೇರ್ ಅಂದಮೇಲೆ ಫಿಸಿಯೋಥೆರಪಿ ಯಾಕೆ?

ಪ್ರಶ್ನೆ: ನಾವು ಮದ್ದೂರು ತಾಲೂಕಿನವರು. ಅಪ್ಪನಿಗೆ 67 ವರ್ಷ. ಶ್ವಾಸಕೋಶದ ಕ್ಯಾನ್ಸರ್ ಬೇರೆ ಕಡೆಗೂ ಹರಡಿದೆ. ಇನ್ನು ಪಾಲಿಯೇಟಿವ್ ಕೇರ್ (ನೋವು, ಏದುಸಿರಿನಂಥ ತೊಂದರೆ ಇಳಿಸಿ ನೆಮ್ಮದಿ ಕೊಡುವ ಆರೈಕೆ) ಸಾಕು ಅಂತ ಡಾಕ್ಟರ್ ಹೇಳಿದ್ದಾರೆ. ಅದೇ ಚೀಟಿಯಲ್ಲಿ ಫಿಸಿಯೋಥೆರಪಿ ಅಂತಲೂ ಬರೆದಿದ್ದಾರೆ. ಅಪ್ಪನಿಗೆ ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು ಬರುತ್ತದೆ. "ಈ ಸ್ಥಿತಿಯಲ್ಲಿ ಯಾಕೆ ಹಿಂಸೆ, ಸುಮ್ನೆ ಮಲಗಿರಲಿ" ಅಂತಾರೆ ಅಮ್ಮ. ಅಪ್ಪ ಮಾತ್ರ ದಿನಾ "ಒಂದ್ಸಲ ಜಗಲಿ ಮೇಲೆ ಕೂರಿಸ್ರೋ" ಅಂತ ಕೇಳ್ತಾರೆ. ಏನು ಮಾಡೋಣ?

ಉತ್ತರ: ಮೊದಲು ಅಪ್ಪನನ್ನು ಜಗಲಿಗೆ ಕರೆದುಕೊಂಡು ಹೋಗೋದು ಹೇಗೆ ಅಂತ ನೋಡೋಣ. ಉಳಿದ ಮಾತು ಆಮೇಲೆ. ಆದರೆ ಇದನ್ನೆಲ್ಲಾ ಶುರು ಮಾಡುವುದು ಫಿಸಿಯೋಥೆರಪಿಸ್ಟ್‌ಗೆ ಸ್ಕ್ಯಾನ್ ರಿಪೋರ್ಟ್ ತೋರಿಸಿದ ಮೇಲೆಯೇ, ಯಾಕೆ ಅಂತ ಕೆಳಗೆ ಹೇಳಿದ್ದೇನೆ.

ಮಂಚ ತೀರಾ ತಗ್ಗಾಗಿದ್ದರೆ ಕಾಲುಗಳ ಕೆಳಗೆ ಗಟ್ಟಿ ಮರದ ತುಂಡು ಕೊಟ್ಟು ಎತ್ತರಿಸಿ, ಅಲುಗಾಡಬಾರದು. ಎತ್ತರದ ಜಾಗದಿಂದ ಏಳುವುದಕ್ಕೆ ಕಡಿಮೆ ಶಕ್ತಿ ಸಾಕು. ಆದರೆ ಅಂಚಿನಲ್ಲಿ ಕೂತಾಗ ಪಾದ ನೆಲಕ್ಕೆ ತಾಗುತ್ತಿರಬೇಕು. ಎದ್ದ ಕೂಡಲೇ ನಡೆಸಬೇಡಿ, ಎರಡು ನಿಮಿಷ ಅಂಚಿನಲ್ಲೇ ಕೂರಲಿ. ಮೂಗಿನಿಂದ ಉಸಿರು ತಗೊಂಡು, ಬಿಸಿ ಕಾಫಿಗೆ ಊದುವ ಹಾಗೆ ತುಟಿ ಕಿರಿದು ಮಾಡಿ ನಿಧಾನವಾಗಿ ಬಿಡಲಿ. ಮಂಚಕ್ಕೂ ಜಗಲಿಗೂ ನಡುವೆ ಒಂದು ಕುರ್ಚಿ ಹಾಕಿಡಿ. ಅಲ್ಲಿ ಕೂತು, ಮೊಣಕೈಯನ್ನು ತೊಡೆ ಮೇಲೆ ಊರಿ, ಸ್ವಲ್ಪ ಮುಂದಕ್ಕೆ ಬಾಗಿದರೆ ಏದುಸಿರು ಇಳಿಯುತ್ತದೆ. ಪುಟ್ಟ ಫ್ಯಾನಿನ ಗಾಳಿ ಮುಖಕ್ಕೆ, ಮೂಗಿನ ಸುತ್ತ ಬಿದ್ದರೂ ಆರಾಮ ಸಿಗುತ್ತದೆ. ನೋವಿಗೋ ಉಸಿರಾಟಕ್ಕೋ ಡಾಕ್ಟರ್ ಮಾರ್ಫಿನ್ ಬರೆದಿದ್ದರೆ, ಹೊರಡುವ ಅರ್ಧ ಗಂಟೆ ಮುಂಚೆ ಕೊಡಬಹುದಾ ಅಂತ ಅವರನ್ನೇ ಕೇಳಿ. ಹೋಗಿ ಬಂದ ಮೇಲೆ ಸ್ನಾನ, ಊಟ, ನೆಂಟರು ಎಲ್ಲಾ ಒಟ್ಟಿಗೆ ಬೇಡ. ಇರುವ ಶಕ್ತಿಯನ್ನು ದಿನಕ್ಕೆಲ್ಲಾ ಹಂಚಬೇಕು.

ಫಿಸಿಯೋಥೆರಪಿ ಅಂತ ಚೀಟಿಯಲ್ಲಿ ಬರೆದಿರುವುದು ಇದನ್ನೇ. ಅದನ್ನು ಕೇಳಿದ ಕೂಡಲೇ ಜಿಮ್ ನೆನಪಾಗುತ್ತೆ, ಅಲ್ವಾ? ಇಲ್ಲಿ ಹಾಗಲ್ಲ. ಅಪ್ಪನಿಗೆ ಏನು ಬೇಕು ಅನ್ನುವುದರಿಂದ ಶುರು ಮಾಡಿ, ಅದಕ್ಕೆ ಬೇಕಾದಷ್ಟೇ ಕೆಲಸವನ್ನು ಫಿಸಿಯೋಥೆರಪಿಸ್ಟ್‌ಗಳಾದ ನಾವು ಮಾಡಿಸುತ್ತೇವೆ.

ಅಮ್ಮನ ಮಾತು ಪ್ರೀತಿಯಿಂದಲೇ ಬಂದಿದೆ, ಅವರಿಗೆ ಬೇಜಾರು ಮಾಡಬೇಡಿ. ಆದರೆ ಮಲಗಿಸಿಬಿಡುವುದು ವಿಶ್ರಾಂತಿ ಅನ್ನುವುದು ನಾನು ಮನೆಮನೆಯಲ್ಲೂ ಕಾಣುವ ತಪ್ಪು ತಿಳುವಳಿಕೆ. 2007ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, 60 ದಾಟಿದ ಆರೋಗ್ಯವಂತರನ್ನು 10 ದಿನ ಹಾಸಿಗೆಯಲ್ಲೇ ಇರಿಸಿದಾಗ ಕಾಲುಗಳ ಮಾಂಸ ಹೆಚ್ಚುಕಮ್ಮಿ ಒಂದು ಕಿಲೋ ಇಳಿದಿತ್ತು. ಯಾವ ಕಾಯಿಲೆಯೂ ಇಲ್ಲದವರ ಕಥೆ ಇದು. ಕ್ಯಾನ್ಸರ್ ಇರುವವರಿಗೆ ಇನ್ನೂ ಬೇಗ. ಆಮೇಲೆ ಬೆನ್ನಲ್ಲಿ ಹಾಸಿಗೆ ಹುಣ್ಣು, ಮಲಬದ್ಧತೆ, ಎದೆಯಲ್ಲಿ ಕಫ. ಇನ್ನೂ ಒಂದು ನೋವಿದೆ. ಗದ್ದೆ ಬೇಸಾಯ ಮಾಡಿದ ಜೀವಕ್ಕೆ ಬಚ್ಚಲಿಗೂ ಇನ್ನೊಬ್ಬರ ಕೈ ಬೇಕಾದಾಗ ಆಗುವ ಸಂಕಟ ಅದು. ಯಾವ ಮಾತ್ರೆಯೂ ಅದನ್ನು ಇಳಿಸುವುದಿಲ್ಲ.

ಪಾಲಿಯೇಟಿವ್ ಕೇರ್ ಅಂದರೆ ಕೈಬಿಟ್ಟರು ಅಂತಲೂ ತಿಳಿಯಬೇಡಿ. ಬೋಸ್ಟನ್‌ನಲ್ಲಿ ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ಮಂದಿಯ ಮೇಲೆ ನಡೆದ ಅಧ್ಯಯನ 2010ರಲ್ಲಿ ಹೊರಬಂತು. ಮಾಮೂಲಿ ಚಿಕಿತ್ಸೆಯ ಜೊತೆಗೆ ಮೊದಲಿಂದಲೇ ಪಾಲಿಯೇಟಿವ್ ಆರೈಕೆ ಸಿಕ್ಕವರಲ್ಲಿ ಖಿನ್ನತೆ ಕಡಿಮೆಯಿತ್ತು. ಅವರು ಹೆಚ್ಚು ದಿನ ಬದುಕಿದರು ಕೂಡ.

ಆದರೆ ಎಚ್ಚರಿಕೆ ಬೇಕು. ಕ್ಯಾನ್ಸರ್ ಮೂಳೆಗೆ ಹರಡಿದೆಯಾ ಅಂತ ನೀವು ಬರೆದಿಲ್ಲ. ಹರಡಿದ್ದರೆ ಮೂಳೆ ಸಣ್ಣ ಭಾರಕ್ಕೂ ಮುರಿಯಬಹುದು. ಹಾಗಾಗಿ ಫಿಸಿಯೋಥೆರಪಿಸ್ಟ್‌ಗೆ ಸ್ಕ್ಯಾನ್ ರಿಪೋರ್ಟ್ ತೋರಿಸದೆ ಏನನ್ನೂ ಶುರು ಮಾಡಬೇಡಿ. ಹೊಸದಾಗಿ ಬೆನ್ನು ನೋವು ಬಂದು ಕಾಲು ಸೋತರೆ, ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ. ಬೆನ್ನುಹುರಿ ಅದುಮಿಹೋಗಿರಬಹುದು, ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ಒಂದೇ ಕಾಲು ಊದಿದರೂ ಅಂದೇ ತೋರಿಸಿ.

ಮಂಡ್ಯದ ಮಿಮ್ಸ್‌ನಲ್ಲಿ (ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ), ಇಲ್ಲವೇ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ವಿಚಾರಿಸಿ. ಒಂದೆರಡು ಸಲ ಹೋದರೆ ಸಾಕು, ಕಲಿತುಕೊಂಡು ಮನೆಯಲ್ಲೇ ಮಾಡಿಸಬಹುದು. ಮುಂದೆ ನೀರು ಕುಡಿಯುವಾಗ ಕೆಮ್ಮು ಬಂದರೆ, ನುಂಗಲು ಕಷ್ಟವಾದರೆ, ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕೇಳಿ. ಮಾತು, ಕಿವಿ ಮಾತ್ರ ಅಂದುಕೊಂಡಿರುತ್ತೇವೆ, ನುಂಗುವ ತೊಂದರೆಯನ್ನೂ ಅಲ್ಲಿ ನೋಡುತ್ತಾರೆ.

ಇನ್ನೊಂದು ಮಾತು ಹೇಳಲೇಬೇಕು. ಇವತ್ತು ಆದದ್ದು ಮುಂದಿನ ತಿಂಗಳು ಆಗದೇ ಇರಬಹುದು. ಅದು ನಿಮ್ಮ ತಪ್ಪಲ್ಲ, ಅಪ್ಪನ ಸೋಮಾರಿತನವೂ ಅಲ್ಲ. "ನಿನ್ನೆ ನಡೆದ್ರಲ್ಲ, ಇವತ್ತೇನಾಯ್ತು" ಅಂತ ಮಾತ್ರ ಕೇಳಬೇಡಿ. ಕಾಲು ಬರದ ದಿನ ಗಾಲಿ ಕುರ್ಚಿಯಲ್ಲಿ ಕರೆದೊಯ್ಯಿರಿ. ಅದೂ ಆಗದ ದಿನ ಬೆನ್ನಿಗೆ ದಿಂಬು ಕೊಟ್ಟು, ಮಂಚವನ್ನು ಬಾಗಿಲ ಕಡೆಗೆ ತಿರುಗಿಸಿ. ಜಗಲಿಯೂ ಅದರಾಚೆಯ ಬೀದಿಯೂ ಅಪ್ಪನಿಗೆ ಮಲಗಿದಲ್ಲಿಂದಲೇ ಕಾಣಲಿ.