‘ಪುಣೆ, ಮೇಲಿನ ಬೆಡ್’

ಮಳೆಗಾಲ ಶುರುವಾದರೆ ಉಡುಪಿಯ ನನ್ನ ಆಪ್ತಸಲಹೆಯ ಕೋಣೆಗೆ ಇಂಥವರು ಒಬ್ಬಿಬ್ಬರಾದರೂ ಬರುತ್ತಾರೆ. ಲ್ಯಾಪ್‌ಟಾಪ್ ಇದ್ದರೆ ಎಲ್ಲಿಂದ ಬೇಕಾದರೂ ಕೆಲಸ ಮಾಡಬಹುದಲ್ವಾ ಅಂತ ಬೆಂಗಳೂರು ಬಿಟ್ಟು ಕರಾವಳಿಗೆ ಬಂದವರು. 2020ರ ನಂತರ ಇವರು ಜಾಸ್ತಿಯಾಗಿದ್ದಾರೆ. ದೂರು ಮಾತ್ರ ಒಂದೇ, ನಿದ್ದೆ ಬರ್ತಿಲ್ಲ. ಅವರಲ್ಲಿ ಒಬ್ಬನ ವಿಷಯ ಅವನ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ವಯಸ್ಸು 27, ಬಯಲುಸೀಮೆಯ ಹುಡುಗ. ಅಮೆರಿಕದ ಕಂಪನಿಯೊಂದಕ್ಕೆ ಸಾಫ್ಟ್‌ವೇರ್ ಕೆಲಸ. ಮಲ್ಪೆ ಕಡೆಯ ಒಂದು ಪ್ರವಾಸಿಗರ ಹಾಸ್ಟೆಲ್‌ನಲ್ಲಿ ವಾಸ. ಎಂಟು ಬೆಡ್‌ಗಳ ಡಾರ್ಮ್, ದಿನಕ್ಕೆ 600 ರೂಪಾಯಿ. ರಕ್ತಪರೀಕ್ಷೆ, ಥೈರಾಯ್ಡ್ ಎಲ್ಲ ಸರಿ ಇದೆ ಎಂದು ಡಾಕ್ಟರು ನನ್ನ ಹತ್ತಿರ ಕಳಿಸಿದ್ದರು.

ಮೊದಲ ನೋಟಕ್ಕೆ ಕಾರಣ ಎದುರಿಗೇ ಇತ್ತು. ನ್ಯೂಯಾರ್ಕ್‌ನ ಬೆಳಗ್ಗೆ 9 ಗಂಟೆ ಈ ತಿಂಗಳುಗಳಲ್ಲಿ ನಮಗೆ ಸಂಜೆ 6.30. ಅಲ್ಲಿ ಆಫೀಸು ಮುಗಿಯುವಾಗ ಇಲ್ಲಿ ರಾತ್ರಿ 2.30. ಟೆರೇಸಿನ ಶೀಟಿನ ಮೇಲೆ ಮಳೆ ಬಡಿದರೆ ಕಾಲ್‌ನಲ್ಲಿ ಮಾತೇ ಕೇಳಿಸುವುದಿಲ್ಲ, ಹಾಗಾಗಿ ಮೆಟ್ಟಿಲ ಮೇಲೆ ಕೂತು ಮೀಟಿಂಗ್. ಮಲಗುವಾಗ ಮೂರು ದಾಟುತ್ತದೆ, ಹತ್ತಕ್ಕೆಲ್ಲ ಗುಡಿಸಿ ಒರೆಸುವವರು ಬರುತ್ತಾರೆ. ಏಳುವ ಹೊತ್ತು ಒಂದೇ ಇರಲಿ, ಕಣ್ಣಿಗೆ ಪಟ್ಟಿ ಕಟ್ಟಿಕೊಳ್ಳಿ, ಸಂಜೆಯ ಮೇಲೆ ಕಾಫಿ ಬೇಡ ಅಂತೆಲ್ಲ ಹೇಳಿ ಕಳಿಸಿದೆ. ಚಾಚೂ ತಪ್ಪದೆ ಪಾಲಿಸಿದ. ನಿದ್ದೆ ಮಾತ್ರ ಬರಲಿಲ್ಲ.

ಮೂರನೇ ಭೇಟಿಯಲ್ಲಿ ಸುಮ್ನೆ ಕೇಳಿದೆ. "ನಿನ್ನೆ ರಾತ್ರಿ ಊಟ ಯಾರ ಜೊತೆ ಮಾಡಿದ್ರಿ?"

"ಒಬ್ರು ಇದ್ರು ಮೇಡಂ. ಒಳ್ಳೇವ್ರು. ತುಂಬಾ ಮಾತಾಡಿದ್ವಿ."

"ಹೆಸರು?"

ಹುಡುಗ ಮೊಬೈಲ್ ತೆಗೆದ. ನಂಬರ್ ಇತ್ತು, ಹೆಸರು ಇರಲಿಲ್ಲ. ‘ಪುಣೆ, ಮೇಲಿನ ಬೆಡ್’ ಅಂತ ಸೇವ್ ಮಾಡಿಕೊಂಡಿದ್ದ. ಅದರ ಕೆಳಗೆ ‘ಮೂಲ್ಕಿ ಸರ್ಫಿಂಗ್’, ‘ಕೆಂಪು ಬ್ಯಾಗ್’, ‘ಜ್ವರದ ಮಾತ್ರೆ’. ಕೊನೆಯದು ಯಾರು ಎಂದು ಕೇಳಿದೆ.

"ನನಗೆ ಜ್ವರ ಬಂದಾಗ ರಾತ್ರಿ ಎದ್ದು ಪ್ಯಾರಾಸಿಟಮಾಲ್ ಕೊಟ್ರು ಮೇಡಂ. ಬೆಳಗ್ಗೆ ನಾನು ಏಳೋ ಹೊತ್ತಿಗೆ ಚೆಕ್‌ಔಟ್ ಮಾಡಿದ್ರು." ಸ್ವಲ್ಪ ಹೊತ್ತು ಮೊಬೈಲನ್ನೇ ನೋಡುತ್ತಾ ಇದ್ದ. ಆಮೇಲೆ ಹೇಳಿದ, "ಯಾವ ಊರು, ಏನ್ ಕೆಲಸ, ಎಷ್ಟ್ ದಿನ ಇರ್ತೀರಿ. ದಿನಾ ಇದೇ ಮೇಡಂ. ಯಾರ ಜೊತೆಗೂ ಎರಡನೇ ಮಾತು ಬಂದೇ ಇಲ್ಲ."

ನನಗೆ ಬೇಕಾಗಿದ್ದು ಆ ಎರಡನೇ ಮಾತು. ಅವನ ಸುತ್ತ ಜನ ಇಲ್ಲ ಅಂತಲ್ಲ, ಬಂದವರು ಯಾರೂ ಉಳಿಯುವುದಿಲ್ಲ. ಶುಕ್ರವಾರ ರಾತ್ರಿ ಬೆಂಗಳೂರಿನ ಬಸ್ಸು ಹತ್ತಿದವರು ಶನಿವಾರ ಬೆಳಗ್ಗೆ ಬಂದಿಳಿದರೆ ಡಾರ್ಮ್ ತುಂಬುತ್ತದೆ, ಭಾನುವಾರ ಸಂಜೆ ಖಾಲಿ. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ, ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿಯೂ ಇಲ್ಲ. ಮಲ್ಪೆಯೇ ಮುಚ್ಚಿದ ಹಾಗಿರುತ್ತದೆ. ಸೋಮವಾರದಿಂದ ಗುರುವಾರದವರೆಗೆ ಎಂಟು ಬೆಡ್‌ಗಳ ಕೋಣೆಯಲ್ಲಿ ಹುಡುಗ ಹೆಚ್ಚಾಗಿ ಒಬ್ಬನೇ, ಬಾಗಿಲ ಕಡೆ ಕಿವಿ ಇಟ್ಟು ಮಲಗಿರುತ್ತಾನೆ. ಬಂದರೆ ಯಾರು ಬರುತ್ತಾರೋ ಗೊತ್ತಿಲ್ಲ. ನಿದ್ದೆ ಬಾರದಿರುವುದರಲ್ಲಿ ಆಶ್ಚರ್ಯ ಏನಿದೆ?

ನನ್ನ ಸಲಹೆ ಇಷ್ಟು. ಮೂರು ತಿಂಗಳು ಊರು ಬದಲಿಸುವುದು ಬೇಡ, ಆದರೆ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಹಿಡಿಯಿರಿ. ಅಗ್ಗ ಅಂತ ಹಾಸ್ಟೆಲ್‌ನಲ್ಲಿದ್ದೀನಿ ಅನ್ನುತ್ತಿದ್ದವನಿಗೆ ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದೆ. 600ರಂತೆ ತಿಂಗಳಿಗೆ 18,000. ಅಷ್ಟಕ್ಕೆ ಮಣಿಪಾಲದಲ್ಲಿ ಊಟದ ಸಮೇತ ಪಿಜಿ ಸಿಗುತ್ತದೆ. 11 ತಿಂಗಳ ಕರಾರು, ಅಡ್ವಾನ್ಸ್ ಅಂದರೆ ಇವರಿಗೆ ಭಯ. ಆದರೆ ಪಿಜಿಗಳಲ್ಲಿ ತಿಂಗಳ ಲೆಕ್ಕಕ್ಕೇ ಇರಬಹುದು. ಎರಡನೆಯದು, ಎಚ್ಚರವಾದ ಮೇಲಿನ ಚಹಾ ದಿನಾ ಒಂದೇ ಹೋಟೆಲಿನಲ್ಲಿ ಕುಡಿಯಬೇಕು. ಆರ್ಡರ್ ಹೇಳುವ ಮೊದಲೇ ಗ್ಲಾಸು ಬರುವವರೆಗೆ. ಇದಕ್ಕೆ ಹುಡುಗ ನಕ್ಕ. ನಾನು ನಗಲಿಲ್ಲ. ಎರಡು ದಿನ ಕಾಣದಿದ್ದರೆ "ಎಲ್ಲಿ ಹೋಗಿದ್ರಿ ಮಾರಾಯ್ರೆ?" ಎಂದು ಕೇಳುವ ಒಬ್ಬರಾದರೂ ಬೇಕು. ನಿದ್ದೆ ಮಾತ್ರೆಗಿಂತ ಮೊದಲು ಅದನ್ನೇ ನಾನು ನೋಡುವುದು. ಮೂರನೆಯದು ಮ್ಯಾನೇಜರ್ ಹತ್ತಿರ ಮಾತು. ಮೀಟಿಂಗ್‌ಗಳನ್ನೆಲ್ಲ ಅವರ ಬೆಳಗಿನ ಹೊತ್ತಿಗೆ ಇಟ್ಟರೆ ಇಲ್ಲಿ ಹನ್ನೊಂದಕ್ಕೆ ಕೆಲಸ ಮುಗಿಸಬಹುದು, ಉಳಿದದ್ದು ಮರುದಿನ ಹಗಲಿಗೆ.

ಮನೆಗೆ ಹೋಗು ಅಂತ ಯಾಕೆ ಹೇಳಲಿಲ್ಲ ಎಂದು ಜೊತೆಯ ಆಪ್ತಸಲಹೆಗಾರರೊಬ್ಬರು ನನ್ನನ್ನು ತರಾಟೆಗೆ ತೆಗೆದುಕೊಂಡರು. ಹೇಳುವುದು ಸುಲಭ. ಮನೆ ಅಂದರೆ ಒಂದು ಹಾಲ್, ಒಂದು ರೂಮ್, ಅಣ್ಣನ ಸಂಸಾರ, ದಿನಾ ಮದುವೆ ಮಾತು. ಅಲ್ಲಿ ಉಸಿರು ಕಟ್ಟಿಯೇ ಹೊರಟವನು. ಅವನನ್ನು ವಾಪಸ್ ಕಳಿಸಿದರೆ ತಾಯಿಗೆ ಸಮಾಧಾನ ಆಗಬಹುದು, ಆದರೆ ನನ್ನ ಎದುರು ಕೂತಿದ್ದವರು ತಾಯಿ ಅಲ್ಲ. ಹಾಗಂತ ಹಾಸ್ಟೆಲ್‌ಗಳ ಮೇಲೂ ನನಗೆ ಕೋಪವಿಲ್ಲ. ನಾಲ್ಕು ದಿನ ತಿರುಗಾಡಲು ಬಂದವರಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ತಿಂಗಳುಗಟ್ಟಲೆ ಇರುವವರು ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಇವತ್ತು ನಿಮಗೆ ಜ್ವರ ಬಂದರೆ ನಾಳೆ "ಹೇಗಿದೆ?" ಅಂತ ಕೇಳುವವರು ಈ ಊರಲ್ಲಿ ಇದ್ದಾರಾ? ಇಲ್ಲ ಅಂದರೆ ಬೀಚಿಗೆ ಹತ್ತಿರ ಇರುವ ಕೋಣೆಗಿಂತ ಜನಕ್ಕೆ ಹತ್ತಿರ ಇರುವ ಕೋಣೆ ಹುಡುಕಿ.

ಹುಡುಗ ಪಿಜಿಗೆ ಬಂದ. ಕೋಣೆಗೆ ಇನ್ನೊಬ್ಬ ಇದ್ದಾನೆ, ಜಗಳವೂ ಆಗಿದೆಯಂತೆ. ಜಗಳದ ಸುದ್ದಿ ಕೇಳಿ ನನಗೆ ಖುಷಿಯೇ ಆಯಿತು. ಮೊನ್ನೆ ಮೊನ್ನೆವರೆಗೆ ಜಗಳಕ್ಕೂ ಯಾರೂ ಉಳಿಯುತ್ತಿರಲಿಲ್ಲ. ಮ್ಯಾನೇಜರ್ ವಾರದಲ್ಲಿ ಮೂರು ದಿನಕ್ಕೆ ಮಾತ್ರ ಒಪ್ಪಿದ್ದಾರೆ. ನಿದ್ದೆ ಪೂರ್ತಿ ಸರಿಹೋಗಿಲ್ಲ, ಸುಧಾರಿಸಿದೆ.

ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಕೋಣೆ ಬದಲಿಸುವವರೆಗೆ ಕಾಯಬೇಡಿ, ಮನೋವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು. ಶಿಫ್ಟ್ ಮುಗಿದ ಮೇಲೆ ರಾತ್ರಿ ಮೂರು ಗಂಟೆಗೂ ಕರೆ ಮಾಡಬಹುದು.